ಎರಡು ಸಾವಿರದೊಳಗಿನ ಮಡಚು ಚಾಕು: ಉಕ್ಕಿನ ಹೆಸರು ನೋಡಬೇಕೋ, ಅಲಗು ನೋಡಬೇಕೋ?

ತೋಟದದಾರಿ
ಎಲ್ಲರಿಗೂ ನಮಸ್ಕಾರ. ತೋಟದ ಕೆಲಸಕ್ಕೆ ಜೇಬಿನಲ್ಲಿಟ್ಟುಕೊಳ್ಳುವಂಥ ಮಡಚು ಚಾಕು ಬೇಕು. ಸೆಣಬಿನ ಹುರಿ, ಗೊಬ್ಬರದ ಚೀಲ, ಡ್ರಿಪ್ ಪೈಪು, ಮಧ್ಯಾಹ್ನ ಒಂದು ಮಾವಿನಕಾಯಿ, ಇಷ್ಟೇ ಕೆಲಸ. ಜಾಗ ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ. 2,000 ರೂಪಾಯಿ ದಾಟಬಾರದು.

ಆನ್‌ಲೈನ್‌ನಲ್ಲಿ ಹುಡುಕಿದರೆ ಒಂದರ ಮೇಲೆ ಡಿ2, ಇನ್ನೊಂದರ ಮೇಲೆ 8ಸಿಆರ್13ಎಂಒವಿ, ಮತ್ತೊಂದರ ಮೇಲೆ 440, ಉಳಿದವಕ್ಕೆ ‘ಸರ್ಜಿಕಲ್ ಸ್ಟೀಲ್’, ‘ಡಮಾಸ್ಕಸ್’. ಇವುಗಳಲ್ಲಿ ಯಾವುದು ನಿಜಕ್ಕೂ ಒಳ್ಳೆಯದು? ಚಾಕು ಕೈಗೆ ಬಂದ ದಿನವೇ ಏನೇನು ಪರೀಕ್ಷಿಸಬೇಕು?

ಸಾಣೆಕಲ್ಲು
ಉಕ್ಕಿನ ಹೆಸರನ್ನೇ ಬರೆಯದವರ ಚಾಕು ಬೇಡ. ‘ಸರ್ಜಿಕಲ್ ಸ್ಟೀಲ್’ ಅನ್ನುವುದು ದರ್ಜೆಯೇ ಅಲ್ಲ. ಬರೀ ‘440’ ಎಂದು ಬರೆದು ಮುಂದಿನ ಅಕ್ಷರ ಬಿಟ್ಟಿದ್ದರೆ ಅದು ಆ ಸಾಲಿನಲ್ಲಿ ಇಂಗಾಲ ಕಡಿಮೆ ಇರುವ 440ಎ ಎಂದುಕೊಂಡೇ ಲೆಕ್ಕ ಹಾಕಿ. 440ಸಿ ಆಗಿದ್ದರೆ ಆ ‘ಸಿ’ ಬರೆಯಲು ಯಾವ ವ್ಯಾಪಾರಿಯೂ ಮರೆಯುವುದಿಲ್ಲ.

ಲೋಹದಮಾತು
ಮೊದಲು ಹೆಸರು ಓದುವುದು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ. ಚೀನೀ ಉಕ್ಕುಗಳ ಹೆಸರಿನಲ್ಲೇ ಪಾಕವಿಧಾನ ಇದೆ. ಮೊದಲ ಅಂಕಿ ಇಂಗಾಲ, ಶೇಕಡಾದ ಹತ್ತನೇ ಭಾಗದಲ್ಲಿ. ಎರಡನೆಯದು ಕ್ರೋಮಿಯಂ. 3ಸಿಆರ್13 ಅಂದರೆ ಇಂಗಾಲ ಸುಮಾರು 0.3, ಕ್ರೋಮಿಯಂ 13. ಹಾಗೆಯೇ 5ಸಿಆರ್15ಕ್ಕೆ 0.5 ಮತ್ತು 15. 8ಸಿಆರ್13ಕ್ಕೆ 0.8 ಮತ್ತು 13. 9ಸಿಆರ್18ಕ್ಕೆ 0.9 ಮತ್ತು 18. ಹಿಂದೆ ಎಂಒ, ವಿ ಅಂತಿದ್ದರೆ ಸ್ವಲ್ಪ ಮಾಲಿಬ್ಡಿನಂ, ವನೇಡಿಯಂ. ಜರ್ಮನ್ ಪದ್ಧತಿಯಲ್ಲಿ ನೂರರಿಂದ ಭಾಗಿಸಬೇಕು. ಎಕ್ಸ್50ಸಿಆರ್ಎಂಒವಿ15 ಅಂದರೆ ಇಂಗಾಲ 0.5, ಕ್ರೋಮಿಯಂ 15.

ಇಂಗಾಲ ಗಡಸುತನ ಕೊಡುತ್ತದೆ, ಕ್ರೋಮಿಯಂ ತುಕ್ಕು ತಡೆಯುತ್ತದೆ. 0.3 ಇಂಗಾಲದ 3ಸಿಆರ್13, 420ಜೆ2 ಇಂಥವನ್ನು ಎಷ್ಟೇ ಚೆನ್ನಾಗಿ ಹದ ಮಾಡಿದರೂ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡಿದರೂ, 52ರಿಂದ 55 ಎಚ್‌ಆರ್‌ಸಿ (ಗಡಸುತನದ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಗಡಸು) ಸುತ್ತಲೇ ನಿಲ್ಲುತ್ತವೆ. ಗೊಬ್ಬರದ ಚೀಲ ನಾಲ್ಕು ಕೊಯ್ಯುವಷ್ಟರಲ್ಲಿ ಬಾಯಿ, ಅಂದರೆ ಅಲಗಿನ ಹರಿತದ ಅಂಚು, ಮಡಚಿಕೊಳ್ಳುತ್ತದೆ. 8ಸಿಆರ್13 ಅನ್ನು 57ರಿಂದ 59ಕ್ಕೆ ತರಬಹುದು. ಜಪಾನಿನ ಎಯುಎಸ್-8 ಹೆಚ್ಚೂಕಡಿಮೆ ಅದರ ಜೊತೆಯದೇ. ಡಿ2 ಸಾಮಾನ್ಯವಾಗಿ 59ರಿಂದ 61.

ಆದರೆ ಇವೆಲ್ಲ ‘ತರಬಹುದು’ ಅನ್ನುವ ಸಂಖ್ಯೆಗಳು. ಕಾರ್ಖಾನೆಯವರು ಹದ ಸರಿಯಾಗಿ ಕೊಡದಿದ್ದರೆ 440ಸಿ ಕೂಡ 54ಕ್ಕೇ ನಿಂತುಬಿಡಬಹುದು. ಆಗ ಹೆಸರಿಗೆ ಬೆಲೆಯಿಲ್ಲ.

ಹರಿತವೇಮುಖ್ಯ
ಯೋಚನೆಯೇ ಬೇಡ, ಡಿ2 ತಗೊಳ್ಳಿ. ಈ ಬೆಲೆಯಲ್ಲಿ ಹರಿತ ಹಿಡಿದಿಟ್ಟುಕೊಳ್ಳುವುದರಲ್ಲಿ ಅದನ್ನು ಮೀರಿಸುವ ಉಕ್ಕಿಲ್ಲ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಚೀಲ, ಹಗ್ಗ, ಎಲ್ಲದರಲ್ಲೂ 8ಸಿಆರ್‌ಗಿಂತ ಬಹಳ ಹೊತ್ತು ಬಾಳುತ್ತದೆ. ಅದರಲ್ಲೂ ಕ್ರೋಮಿಯಂ 12 ಪರ್ಸೆಂಟ್ ಇದೆ, ಸ್ಟೇನ್‌ಲೆಸ್ ಅಂತಲೇ ಇಟ್ಟುಕೊಳ್ಳಿ.

ಕರಾವಳಿಗಾಳಿ
ಮಾರಾಯ್ರೇ, ಸಾಗರದ ಮಳೆಗೆ ಡಿ2 ಹೇಳ್ತಿದ್ದೀರಲ್ಲ! ಮಾವಿನಕಾಯಿ ಕೊಯ್ದು ಒರೆಸದೆ ಮಡಚಿ ಇಟ್ರೆ ಮರುದಿನ ಅಲಗಿನ ಮೇಲೆ ಕಂದು ಚುಕ್ಕಿ ಗ್ಯಾರಂಟಿ. ನಮ್ಮಲ್ಲಿ ಉಪ್ಪು ಗಾಳಿ ಬೇರೆ ಉಂಟು, ಇಲ್ಲಿ ಡಿ2 ಚುಕ್ಕಿ ಬೀಳೋದಷ್ಟೇ ಅಲ್ಲ, ಗುಳಿ ಬೀಳ್ತದೆ. ಬಾಯಿಯ ಹತ್ರ ಗುಳಿ ಬಿದ್ರೆ ಸಾಣೆಯಲ್ಲಿ ಅಷ್ಟೂ ಉಕ್ಕು ತೆಗೀಬೇಕು.

ಹರಿತವೇಮುಖ್ಯ
ಒರೆಸಿ ಇಡಿ. ಎರಡು ಸೆಕೆಂಡಿನ ಕೆಲಸ.

ಲೋಹದಮಾತು
@ಹರಿತವೇಮುಖ್ಯ, 12 ಪರ್ಸೆಂಟ್ ಕ್ರೋಮಿಯಂ ಇದೆ ಅನ್ನುವುದು ಸರಿ, ‘ಸ್ಟೇನ್‌ಲೆಸ್ ಅಂತಲೇ ಇಟ್ಟುಕೊಳ್ಳಿ’ ಅನ್ನುವುದು ತಪ್ಪು. ಡಿ2ನಲ್ಲಿ ಇಂಗಾಲ 1.5ರಷ್ಟಿದೆ. ಆ ಇಂಗಾಲ ಕ್ರೋಮಿಯಂನ ದೊಡ್ಡ ಪಾಲನ್ನು ಹಿಡಿದು ಕಾರ್ಬೈಡ್ ಹರಳು ಮಾಡಿಬಿಡುತ್ತದೆ. ಹರಳಿನೊಳಗೆ ಸೇರಿಕೊಂಡ ಕ್ರೋಮಿಯಂ ತುಕ್ಕು ತಡೆಯಲು ಬರುವುದಿಲ್ಲ. ಹರಳಿಗೆ ಸಿಕ್ಕದೆ ಉಳಿದದ್ದು ಮಾತ್ರ ಮೇಲ್ಮೈಯ ರಕ್ಷಣೆಗೆ ಒದಗುವುದು. 14ಸಿ28ಎನ್ ಎಂಬ ಸ್ಟೇನ್‌ಲೆಸ್ ಚಾಕು ಉಕ್ಕಿನಲ್ಲಿ ಕ್ರೋಮಿಯಂ 14, ಇಂಗಾಲ 0.62 ಮಾತ್ರ, ಜೊತೆಗೆ 0.11 ನೈಟ್ರೋಜನ್. ಇಂಗಾಲ ಕಡಿಮೆ ಮಾಡಿ ಕಳೆದುಕೊಂಡ ಗಡಸನ್ನು ನೈಟ್ರೋಜನ್ ತುಂಬಿಕೊಡುತ್ತದೆ, ತುಕ್ಕನ್ನೂ ತಡೆಯುತ್ತದೆ. ಅದಕ್ಕೇ ಅದು 60ರ ಹತ್ತಿರ ಹೋದರೂ ಮಾವಿನಕಾಯಿಗೆ ಹೆದರುವುದಿಲ್ಲ.

ಆ ಹರಳುಗಳಿಂದಲೇ ಡಿ2 ಹರಿತ ಬಾಳುವುದು. ತೊಂದರೆಯೂ ಅವುಗಳಿಂದಲೇ. ಸಾಮಾನ್ಯ ಡಿ2ನಲ್ಲಿ ಅವು ಹತ್ತಾರು ಮೈಕ್ರಾನ್ ದೊಡ್ಡವು. ಬಾಯಿಯನ್ನು ತೀರಾ ತೆಳ್ಳಗೆ ಮಾಡಿದರೆ ಹರಳು ಕಿತ್ತು ಬಂದು ಸಣ್ಣ ಮುಕ್ಕು ಬೀಳುತ್ತದೆ.

ಧಾರವಾಡಕಡೆ
ಅಲ್ರೀ, 2,000ದಾಗ 14ಸಿ28ಎನ್ ಎಲ್ಲಿ ಸಿಗತೈತ್ರಿ? ಸಿಗೂ ವಸ್ತು ಹೇಳ್ರಿ. ಒಪಿನೆಲ್ ನಂಬರ್ 8 ನೋಡ್ರಿ. ಫ್ರಾನ್ಸಿನ ಸವೋಯ್ ಸೀಮೆದು, 1890ರಿಂದ ಮಾಡಾಕತ್ತಾರ. ಅಲಗು 8.5 ಸೆಂ.ಮೀ., ಮರದ ಹಿಡಿ, ಹಿಡಿ ತುದಿಗೆ ತಿರುಗೂ ಉಂಗುರ, ಅದ ಅದರ ಲಾಕ್. ಆ ಉಂಗುರ ಅವರು 1955ರಾಗ ಸೇರಿಸಿದ್ದು. ಎರಡು ನಮೂನಿ ಬರತಾವ. ಇನಾಕ್ಸ್ ಅಂತ ಕೊರದಿದ್ರ ಸ್ಟೇನ್‌ಲೆಸ್, 12ಸಿ27 ಅನ್ನೂ ಉಕ್ಕಿನ ಮಾರ್ಪಾಡು. ಕಾರ್ಬೋನ್ ಅಂತಿದ್ರ ಸಾದಾ ಇಂಗಾಲದ ಉಕ್ಕು, 0.9ರ ಸುತ್ತ. ಮಳಿ ನಾಡಿಗೆ ಇನಾಕ್ಸ್ ತಗೋರಿ, ಕಾರ್ಬೋನ್ ಮುಟ್ಟಬ್ಯಾಡ್ರಿ.

ತೋಟದದಾರಿ
ಮರದ ಹಿಡಿ ಮಳೆಗೆ ಉಬ್ಬುವುದಿಲ್ಲವೇ?

ಧಾರವಾಡಕಡೆ
ಉಬ್ಬತೈತ್ರಿ, ಸುಳ್ಳು ಹೇಳೂದಿಲ್ಲ. ನೀರಾಗ ನೆನದ್ರ ಮರ ಅಲಗನ್ನ ಬಿಗಿಯಾಗಿ ಹಿಡಕೊಂಡುಬಿಡತೈತಿ, ಉಗುರು ಹಾಕಿ ಎಳದ್ರೂ ಬರೂದಿಲ್ಲ. ಆವಾಗ ಹಿಡಿಯ ಹಿಂದಿನ ತುದಿ ಮೇಜಿಗೆ ಒಂದ್ ಸಲ ಕುಟ್ಟಿದ್ರ ಅಲಗು ತುಸು ಹೊರಗ ಬರತೈತಿ. ಕಾಯಂ ಇಲಾಜು ಬೇಕಂದ್ರ ಸಂದಿನೊಳಗ, ಕೀಲಿನ ಹತ್ರ ಅಗಸಿ ಎಣ್ಣಿ ಕುಡಿಸ್ರಿ. ಒಂದ್ ಸಲ ಹಚ್ಚಿ, ಒಣಗಿಸಿ, ಮತ್ತ ಹಚ್ಚಬೇಕು. ಮೂರು ಕೋಟ್ ಆದ್ರ ನೀರು ಬ್ಯಾಗ ಒಳಗ ಇಳಿಯೂದಿಲ್ಲ. ಆದರೂ ಬಕೆಟ್‌ನಾಗ ನೆನಿ ಹಾಕೂದು ಮಾತ್ರ ಬ್ಯಾಡ.

ಚಾರಣದಚೀಲ
ನನ್ನ ಮತ ವಿಕ್ಟೋರಿನಾಕ್ಸ್‌ಗೆ. ಸ್ವಿಸ್ ಕಂಪನಿ, 1884ರಿಂದ ಇದೆ. ದೊಡ್ಡ ಅಲಗಿಗೆ 56 ಎಚ್‌ಆರ್‌ಸಿ, ಕತ್ತರಿ ಮತ್ತು ಗರಗಸಕ್ಕೆ 53, ಸ್ಕ್ರೂಡ್ರೈವರ್ ಮತ್ತು ಡಬ್ಬಿ ತೆರೆಯುವುದಕ್ಕೆ 52, ಸ್ಪ್ರಿಂಗಿಗೆ 49. ಕೆಲಸಕ್ಕೆ ತಕ್ಕ ಗಡಸು ಕೊಡುವುದು ಅಂದರೆ ಇದು. ತಿರುಚುವ ಭಾಗ ಹೆಚ್ಚು ಗಡಸಾದರೆ ಮುರಿಯುತ್ತದೆ, ಕೊಯ್ಯುವ ಭಾಗ ಮೆದುವಾದರೆ ಮೊಂಡಾಗುತ್ತದೆ.

ಹರಿತವೇಮುಖ್ಯ
56 ಅಂದರೆ ಮೆದು. ವಾರಕ್ಕೊಮ್ಮೆ ಸಾಣೆ ಹಿಡಿಯಬೇಕು.

ಚಾರಣದಚೀಲ
ಹಿಡಿಯಬೇಕು, ಆದರೆ ಐದು ನಿಮಿಷ ಸಾಕು. ಮೊಂಡಾದ ಡಿ2ಗೆ ಹಾರ್ಡ್‌ವೇರ್ ಅಂಗಡಿಯ ಕಲ್ಲಿನಲ್ಲಿ ಅರ್ಧ ಗಂಟೆ ಉಜ್ಜಬೇಕಾಗುತ್ತದೆ. ವಜ್ರದ ಪುಡಿ ಹಚ್ಚಿದ ಪ್ಲೇಟ್ ಇಲ್ಲದವರಿಗೆ ಡಿ2 ಕೊಡಿಸಬೇಡಿ.

ಸಾಣೆಕಲ್ಲು
ನೀವೆಲ್ಲ ಉಕ್ಕಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೊಯ್ಯುವುದು ಉಕ್ಕಿನ ಹೆಸರಲ್ಲ, ಅಲಗಿನ ಆಕಾರ. ಅಗ್ಗದ ಚಾಕುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಬಾಯಿಯ ಹಿಂದಿನ ದಪ್ಪ. ಹರಿತದ ಇಳಿಜಾರು ಶುರುವಾಗುವ ಜಾಗದಲ್ಲಿ ಅಲಗು ಎಷ್ಟು ದಪ್ಪ ಇದೆ ಎಂದು ವರ್ನಿಯರ್‌ನಲ್ಲಿ ಅಳೆಯಿರಿ. 0.3ರಿಂದ 0.5 ಮಿ.ಮೀ. ಇದ್ದರೆ ಚೆನ್ನಾಗಿ ಕೊಯ್ಯುತ್ತದೆ. 0.8 ದಾಟಿದ್ದರೆ ಎಷ್ಟು ಹರಿತ ಮಾಡಿದರೂ ಕ್ಯಾರೆಟ್ ಕೊಯ್ಯುವುದಿಲ್ಲ, ಸೀಳುತ್ತದೆ. ‘ಟಕ್’ ಅಂತ ಸದ್ದು ಬರುವುದು ಅದಕ್ಕೇ.

ಕೊಳ್ಳುವ ಮುಂಚೆ ಅಳೆಯಲಾಗದಿದ್ದರೆ ಫೋಟೋ ನೋಡಿ. ಬಾಯಿಯುದ್ದಕ್ಕೂ ಹೊಳೆಯುವ ಪಟ್ಟಿ ಇರುತ್ತದಲ್ಲ, ಅದರ ಅಗಲ ಗಮನಿಸಿ. ಕೋನ ಒಂದೊಂದು ಬದಿಗೆ 20 ಡಿಗ್ರಿ ಅಂದುಕೊಂಡರೆ, ಹಿಂದಿನ ದಪ್ಪ 0.4 ಇದ್ದಾಗ ಪಟ್ಟಿ ಸುಮಾರು 0.6 ಮಿ.ಮೀ. ಕಾಣುತ್ತದೆ. ದಪ್ಪ 0.8 ಇದ್ದಾಗ ಸುಮಾರು 1.2. ಫೋಟೋದಲ್ಲಿ ಅಗಲವಾದ ಹೊಳೆಯುವ ಪಟ್ಟಿ ಕಂಡರೆ ‘ಒಳ್ಳೇ ಹರಿತ’ ಅಂದುಕೊಳ್ಳುತ್ತಾರೆ. ಬಹುಮಟ್ಟಿಗೆ ಅದು ದಪ್ಪ ಅಲಗಿನ ಗುರುತು.

ಇನ್ನೊಂದು. ಅಲಗಿನ ಬೆನ್ನು 3.5, 4 ಮಿ.ಮೀ. ಇರುವ ಚಾಕು ನೋಡಲು ಗಟ್ಟಿಮುಟ್ಟು. ತೋಟದಲ್ಲಿ ಹುರಿ, ಹಣ್ಣು ಕೊಯ್ಯಲು ಅಷ್ಟು ಬೇಡ. ಒಪಿನೆಲ್ 8ರ ಬೆನ್ನು 2 ಮಿ.ಮೀ.ಗಿಂತ ಕಡಿಮೆ. ಅದು ಅಷ್ಟು ಸಲೀಸಾಗಿ ಕೊಯ್ಯುವುದಕ್ಕೆ ಕಾರಣ ಅದೇ, ಉಕ್ಕಿನಲ್ಲಿ ವಿಶೇಷವೇನಿಲ್ಲ.

ಮೈಸೂರುಮಲ್ಲಿಗೆ
ಅಯಸ್ಕಾಂತ ಹಿಡಿದು ನೋಡಿದರೆ ಒಳ್ಳೆ ಸ್ಟೇನ್‌ಲೆಸ್ ಗೊತ್ತಾಗುತ್ತೆ ಅಂತಾರೆ. ನಿಜವಾ?

ಲೋಹದಮಾತು
ಇಲ್ಲ, ಚಾಕುವಿನ ವಿಷಯದಲ್ಲಿ ಅದು ತಲೆಕೆಳಗು. ಅಡುಗೆಮನೆ ಪಾತ್ರೆಯ 304 ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಹಿಡಿಯುವುದಿಲ್ಲ ನಿಜ. ಆದರೆ ಆ ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡಲು ಬರುವುದಿಲ್ಲ, ಅಲಗಿಗೆ ಅದು ಸಲ್ಲುವುದೇ ಇಲ್ಲ. ಗಡಸಾಗುವ ಚಾಕು ಉಕ್ಕೆಲ್ಲ ಅಯಸ್ಕಾಂತಕ್ಕೆ ಅಂಟುತ್ತವೆ. 420ಜೆ2 ಅಂಟುತ್ತದೆ, ಡಿ2 ಕೂಡ. ಅಂಟಿದರೆ ಏನೂ ತಿಳಿಯಲಿಲ್ಲ. ಅಂಟದಿದ್ದರೆ ವಾಪಸ್ ಕಳಿಸಿ.

ಮೈಸೂರುಮಲ್ಲಿಗೆ
ಹಾಗಾದರೆ ಮನೆಯಲ್ಲಿ ಗಡಸು ತಿಳಿಯೋದು ಹೇಗೆ ಸರ್?

ಲೋಹದಮಾತು
ಎರಡು ದಾರಿ. ಒಂದು ಅರ. ಒಳ್ಳೆಯ ಹೊಸ ಅರ 62ರ ಮೇಲಿರುತ್ತದೆ. ಅಲಗಿನ ಬೆನ್ನಿನಲ್ಲಿ, ಮಡಚಿದಾಗ ಹಿಡಿಯೊಳಗೆ ಹೋಗುವ ಜಾಗದಲ್ಲಿ, ಅರದ ಮೂಲೆಯನ್ನು ಹಗುರವಾಗಿ ಎಳೆಯಿರಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಡಸು ಚೆನ್ನಾಗಿದೆ. ಸುಲಭವಾಗಿ ಕಚ್ಚಿ ಪುಡಿ ಬಂದರೆ ಮೆದು. ಬಾಯಿಯ ಮೇಲೆ ಮಾತ್ರ ಅರ ಹಾಕಬೇಡಿ.

ಎರಡನೆಯದು ಹಿತ್ತಾಳೆ ಕಡ್ಡಿ, 6 ಮಿ.ಮೀ. ದಪ್ಪದ್ದು ಸಾಕು. ಹರಿತ ಮಾಡಿದ ಬಾಯಿಯನ್ನು ಸಾಣೆ ಕೋನದಲ್ಲೇ ಕಡ್ಡಿಯ ಮೇಲೆ ಇಟ್ಟು ಮೆಲ್ಲಗೆ ಒತ್ತುತ್ತ ಎಳೆಯಿರಿ. ದೀಪದ ಬೆಳಕಿನಲ್ಲಿ ನೋಡಿದರೆ ಬಾಯಿ ತುಸು ಬಾಗಿ ಮತ್ತೆ ನೆಟ್ಟಗಾಗುವುದು ಕಾಣುತ್ತದೆ. ಹದ ಸರಿ ಇದೆ ಎಂದರ್ಥ. ಬಾಗಿದ್ದು ಬಾಗಿದಂತೇ ಉಳಿದರೆ ಮೆದು. ಮುಕ್ಕಾದರೆ ಒಂದೋ ಹದ ಬಿರುಸಾಗಿದೆ, ಇಲ್ಲವೇ ಕೋನ ಆ ಉಕ್ಕಿಗೆ ತೀರಾ ತೆಳ್ಳಗಾಗಿದೆ.

ಕೀಲುತಿರುಪು
ಕೈಗೆ ಬಂದ ದಿನದ ಪರೀಕ್ಷೆ ಕೇಳಿದ್ದರು, ಯಾರೂ ಉತ್ತರಿಸಲಿಲ್ಲ. ಲಾಕ್‌ನಿಂದ ಶುರು ಮಾಡಿ, ಬೆರಳು ಉಳಿಸುವುದು ಅದೇ.

ಲೈನರ್ ಲಾಕ್ ಆದರೆ, ಅಂದರೆ ಒಳಗಿನ ತಗಡು ಅಡ್ಡ ಬಂದು ಅಲಗನ್ನು ತಡೆಯುವ ಬಗೆಯದಾದರೆ, ಮೊದಲ ಸಲ ನಿಧಾನವಾಗಿ ಬಿಚ್ಚಿ, ಎರಡನೇ ಸಲ ಝಾಡಿಸಿ ಬಿಚ್ಚಿ. ಎರಡೂ ಸಲ ತಗಡು ಅಲಗಿನ ಬುಡದ ಅಗಲದಲ್ಲಿ ಶೇ. 25ರಿಂದ 50ರ ಮಧ್ಯೆ ನಿಲ್ಲಬೇಕು. 10ರಲ್ಲಿ ನಿಂತರೆ ಜಾರಬಹುದು. ಹೊಸದರಲ್ಲೇ 80-90ಕ್ಕೆ ಹೋಗಿದ್ದರೆ ಸವೆಯಲು ಜಾಗವೇ ಉಳಿದಿಲ್ಲ. ಆಮೇಲೆ ಬಿಚ್ಚಿದ ಚಾಕುವಿನ ಬೆನ್ನನ್ನು ಮೇಜಿನ ಅಂಚಿಗೆ ಇಟ್ಟು ಮೆಲ್ಲಗೆ ಒತ್ತಿ, ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ಪೂರ್ತಿ ಹೊರಗಿಟ್ಟುಕೊಂಡು. ಸುತ್ತಿಗೆಯಲ್ಲಿ ಹೊಡೆದ ಹಾಗೆ ಹೊಡೆಯುವುದು ಬೇಡ, ಒಳ್ಳೆಯ ಲಾಕ್ ಕೂಡ ಅದರಿಂದ ಹಾಳಾಗುತ್ತದೆ.

ಅಲುಗಾಟ ಎರಡು ಬಗೆ. ಎಡಬಲ ಅಲುಗಿದರೆ ಕೀಲಿನ ತಿರುಪು ಕಾಲು ಸುತ್ತು ಬಿಗಿ ಮಾಡಿ, ಹೋಗುತ್ತದೆ. ಮೇಲೆ ಕೆಳಗೆ ಅಲುಗಿದರೆ ತಿರುಪಿನಿಂದ ಹೋಗುವುದಿಲ್ಲ, ಲಾಕ್ ಮತ್ತು ಅಲಗಿನ ಬುಡ ಒಂದಕ್ಕೊಂದು ಕೂತಿಲ್ಲ ಅಂತ. ಅದನ್ನು ಮರಳಿಸಿ.

ಮಡಚಿದಾಗ ಅಲಗು ಎರಡು ಪಕ್ಕೆಗಳ ನಡುವೆ ಇರಬೇಕು. ಒಂದು ಬದಿಗೆ ತಾಗಿದರೆ ಗೀರು ಬೀಳುತ್ತದೆ. ಕೊನೆಯದಾಗಿ, ಮಡಚಿದ ಚಾಕುವಿನ ಮೊನೆ ಕಡೆ ಕೆಳಗೆ ಮಾಡಿ ಜೋರಾಗಿ ಝಾಡಿಸಿ. ಅಲಗು ತಾನಾಗಿ ಹೊರಬಂದರೆ ಅದು ಜೇಬಿಗೆ ಯೋಗ್ಯವಲ್ಲ.

ಚಾರಣದಚೀಲ
ಸ್ವಿಸ್ ಚಾಕುವಿನ ದೊಡ್ಡ ಅಲಗಿಗೆ ಹೆಚ್ಚಿನ ಮಾದರಿಗಳಲ್ಲಿ ಲಾಕೇ ಇಲ್ಲ, ಸ್ಪ್ರಿಂಗಿನ ಬಿಗಿ ಅಷ್ಟೇ. ಆದರೂ ಜನ ನೂರು ವರ್ಷದ ಮೇಲೆ ಬಳಸುತ್ತಿದ್ದಾರೆ.

ಕೀಲುತಿರುಪು
ಕೊಯ್ಯುವುದಕ್ಕೆ ಸಾಕು. ಚುಚ್ಚಿ ತೂತು ಮಾಡುವ ಕೆಲಸಕ್ಕೆ ಸಾಲದು. ಡ್ರಿಪ್ ಪೈಪಿಗೆ ಮೊನೆ ಚುಚ್ಚುವವರು ಲಾಕ್ ಇರುವುದನ್ನೇ ತಗೊಳ್ಳಲಿ. ಕೆಟ್ಟ ಲಾಕ್‌ಗಿಂತ ಲಾಕ್ ಇಲ್ಲದ್ದು ವಾಸಿ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ. ಲಾಕ್ ಇಲ್ಲ ಅಂತ ಗೊತ್ತಿದ್ದರೆ ಕೈ ತಾನೇ ಹುಷಾರಾಗಿರುತ್ತದೆ.

ಇನ್ನು ಬಾಲ್ ಬೇರಿಂಗ್ ಇರುವ ಚಾಕು ಅಂಗಡಿಯಲ್ಲಿ ಬೆಣ್ಣೆಯ ಹಾಗೆ ಬಿಚ್ಚುತ್ತದೆ. ತೋಟದ ಕೆಸರು ಒಳಗೆ ಹೋದ ಮೇಲೆ ಕರಕರ. ಮಣ್ಣಿನ ಕೆಲಸಕ್ಕೆ ಕಂಚಿನ ವಾಷರ್ ಇರುವುದು ಮೇಲು. ನೈಲಾನ್ ವಾಷರ್ ಆದರೂ ನಡೆಯುತ್ತದೆ, ಆದರೆ ಬಿಗಿ ಮಾಡಿದಷ್ಟೂ ಅಮುಕಿಕೊಳ್ಳುತ್ತದೆ. ಹೆಚ್ಚಿನವಕ್ಕೆ ಕೀಲಿಗೆ ಟಿ8, ಉಳಿದ ತಿರುಪಿಗೆ ಟಿ6 ಅಳತೆಯ ನಕ್ಷತ್ರದ ತುದಿಯ ಬಿಟ್ ಬೇಕು. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ತಲೆ ಕಿತ್ತುಹೋಗುತ್ತದೆ. ಮತ್ತೆ ಮತ್ತೆ ಸಡಿಲವಾಗುವ ತಿರುಪಿಗೆ ನೀಲಿ ಬಣ್ಣದ ಲಾಕ್‌ಟೈಟ್, ಅಂದರೆ ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು, ಒಂದೇ ಹನಿ. ಕೆಂಪು ಬಣ್ಣದ್ದು ಹಾಕಿದರೆ ಬಿಸಿ ಮಾಡದೆ ಬಿಚ್ಚಲಾಗುವುದಿಲ್ಲ.

ಕುಲುಮೆಬೆಳಕು
ಇಷ್ಟೆಲ್ಲ ಯಾಕೆ, ಊರಿನ ಕಮ್ಮಾರರ ಹತ್ತಿರ ಲಾರಿ ಕಮಾನು ಪಟ್ಟಿಯಲ್ಲಿ ಕತ್ತಿ ಮಾಡಿಸಬಹುದಲ್ಲ. ಅದು ಒಳ್ಳೆಯ ಸ್ಪ್ರಿಂಗ್ ಉಕ್ಕು, ಇಂಗಾಲ 0.5-0.6, ಎಷ್ಟು ಹೊಡೆದರೂ ಮುರಿಯುವುದಿಲ್ಲ. ಉಕ್ಕಿನ ಊರಿನವರು ನಾವು. ಯುರೋಪಿನವರು ‘ವೂಟ್ಸ್’ ಎಂದು ಕರೆದದ್ದು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಎಂದು ವಿದ್ವಾಂಸರು ಹೇಳುತ್ತಾರೆ. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕನನ್ ಮೈಸೂರು ಸೀಮೆ ಸುತ್ತಿದಾಗ ಇಲ್ಲಿನ ಉಕ್ಕಿನ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ತಂಗಡಿ ಕಟ್ಟಿಗೆ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು.

ಲೋಹದಮಾತು
ಕತ್ತಿಗೆ, ಕೊಡಲಿಗೆ ಕಮಾನು ಪಟ್ಟಿ ಬಹಳ ಒಳ್ಳೆಯದು, ಎರಡು ಮಾತಿಲ್ಲ. ಆದರೆ ಅದರಲ್ಲಿ ಕ್ರೋಮಿಯಂ ಇಲ್ಲವೇ ಇಲ್ಲ, ಇದ್ದರೂ ಅತ್ಯಲ್ಪ. ಜೇಬಿನ ಬೆವರಿಗೇ ತುಕ್ಕು ಹಿಡಿಯುತ್ತದೆ. ಮಡಚು ಚಾಕುವಿನ ಕೀಲು, ಲಾಕ್ ಕೂರಿಸುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದ ಕೆಲಸ, ಕುಲುಮೆಯದಲ್ಲ.

ಹರಿತವೇಮುಖ್ಯ
ಹಾಗಿದ್ದರೆ ಆನ್‌ಲೈನ್‌ನ ಡಮಾಸ್ಕಸ್ ಆ ಹಳೇ ಉಕ್ಕೇ ತಾನೇ?

ಕುಲುಮೆಬೆಳಕು
ಅಲ್ಲ. ಹಳೆಯದರಲ್ಲಿ ಅಲೆಯಂಥ ಗೆರೆ ಮೂಸೆ ಉಕ್ಕಿನೊಳಗಿಂದಲೇ ಮೂಡುತ್ತಿತ್ತು. ಈಗಿನದು ಎರಡು ಬಗೆ ಉಕ್ಕಿನ ಪಟ್ಟಿಗಳನ್ನು ಬೆಸೆದು, ಮಡಚಿ, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಅದರಲ್ಲೂ ಒಳ್ಳೆಯದು ಇದೆ. ತೀರಾ ಅಗ್ಗದ್ದರಲ್ಲಿ ಬೆಸುಗೆಯೂ ಇರುವುದಿಲ್ಲ, ಸಾದಾ ಅಲಗಿನ ಮೇಲೆ ಲೇಸರ್‌ನಲ್ಲಿ ಬರೆದ ಚಿತ್ರ. ಬೆನ್ನು ನೋಡಿದರೆ ಗೊತ್ತಾಗುತ್ತದೆ. ನಿಜವಾದ ಪದರದ ಗೆರೆ ಬೆನ್ನಿನ ಮೇಲೂ ಮುಂದುವರಿಯುತ್ತದೆ. ಬರೆದ ಗೆರೆ ಪಕ್ಕಗಳಲ್ಲೇ ನಿಲ್ಲುತ್ತದೆ, ನಯವಾದ ಉಪ್ಪುಕಾಗದದಲ್ಲಿ ಉಜ್ಜಿದರೆ ಅಳಿಸಿಹೋಗುತ್ತದೆ.

ಲೋಹದಮಾತು
ಒಂದು ತಿದ್ದುಪಡಿ. ನಿಜವಾದ ಪದರದ ಚಾಕುವಿನಲ್ಲೂ ಉಪ್ಪುಕಾಗದ ಹಾಕಿದರೆ ಗೆರೆ ಮಾಸುತ್ತದೆ, ಯಾಕೆಂದರೆ ಕಾಣುವುದು ಆಸಿಡ್ ಕೊರೆದ ಮೇಲ್ಮೈ. ವ್ಯತ್ಯಾಸ ಇಷ್ಟೇ: ನಿಜವಾದದ್ದನ್ನು ಮತ್ತೆ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದರೆ ಗೆರೆ ಮರಳಿ ಬರುತ್ತದೆ, ಬರೆದದ್ದು ಬರುವುದಿಲ್ಲ. ಬೆನ್ನು ನೋಡುವ ಉಪಾಯ ಸರಿ.

ಮೈಸೂರುಮಲ್ಲಿಗೆ
ಜೇಬಲ್ಲಿ ಚಾಕು ಇಟ್ಟುಕೊಂಡರೆ ಪೊಲೀಸರು ಹಿಡಿಯಲ್ವಾ?

ಚಾರಣದಚೀಲ
2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿಯಂತ್ರಣಕ್ಕೆ ಒಳಪಡುವ ಹರಿತ ಆಯುಧಗಳಿಗೆ ಹೇಳಿರುವ ಅಳತೆ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ಮನೆ, ಕೃಷಿ, ಕೈಗಾರಿಕೆ ಕೆಲಸಕ್ಕಾಗಿ ಮಾಡಿದವು ಆ ಪಟ್ಟಿಯಿಂದ ಹೊರಗೆ. ಇಲ್ಲಿ ಮಾತಾಡುತ್ತಿರುವ ಚಾಕುಗಳು 3-3.5 ಇಂಚಿನವು. ಹಾಗಂತ ಜಾತ್ರೆ, ಸಭೆ, ನ್ಯಾಯಾಲಯ, ಮೆಟ್ರೊಗೆ ಒಯ್ಯಬೇಡಿ. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ, ಚೆಕ್-ಇನ್ ಚೀಲದಲ್ಲಿ ಹಾಕಬೇಕು. ಬಟನ್ ಒತ್ತಿದರೆ ಸ್ಪ್ರಿಂಗ್‌ನಿಂದ ಚಿಮ್ಮುವ ಚಾಕು ಕೊಳ್ಳಲೇಬೇಡಿ, ಕೆಲಸಕ್ಕೂ ಬಾರದು, ತಾಪತ್ರಯವೂ ಹೌದು.

ತೋಟದದಾರಿ
ಬಹಳ ಉಪಯೋಗವಾಯಿತು. ಸಾಣೆ ಬಗ್ಗೆ ಸ್ವಲ್ಪ ಹೇಳಿ. ಮನೆಯಲ್ಲಿರುವುದು ಹಾರ್ಡ್‌ವೇರ್ ಅಂಗಡಿಯ ಎರಡು ಬದಿಯ ಕಾರ್ಬೊರಂಡಂ ಕಲ್ಲು ಒಂದೇ. ಕೋನ ಹಿಡಿಯುವುದು ಹೇಗೆ?

ಸಾಣೆಕಲ್ಲು
ಆ ಕಲ್ಲು ಸಾಕು, ಮೊದಲು ಸಪಾಟಾಗಿದೆಯಾ ನೋಡಿಕೊಳ್ಳಿ. ಮಧ್ಯ ಗುಂಡಿ ಬಿದ್ದಿದ್ದರೆ ಸಿಮೆಂಟ್ ನೆಲದ ಮೇಲೆ ನೀರು, ಮರಳು ಹಾಕಿ ಉಜ್ಜಿ ಸಮ ಮಾಡಿ.

ಕೋನಕ್ಕೆ ಅಳತೆ ಹೀಗೆ. ಬಾಯಿಯಿಂದ ಬೆನ್ನಿನವರೆಗೆ ಅಲಗಿನ ಅಗಲ 22 ಮಿ.ಮೀ. ಇದ್ದರೆ, 20 ಡಿಗ್ರಿಗೆ ಬೆನ್ನು ಕಲ್ಲಿನಿಂದ 7.5 ಮಿ.ಮೀ. ಎದ್ದಿರಬೇಕು. 17 ಡಿಗ್ರಿಗೆ 6.4. 15ಕ್ಕೆ 5.7. ಅಷ್ಟು ದಪ್ಪದ ಮರದ ತುಂಡು ಬೆನ್ನಿನ ಕೆಳಗಿಟ್ಟು ನೋಡಿ, ಕೈಗೆ ಆ ಎತ್ತರ ಅಭ್ಯಾಸವಾದ ಮೇಲೆ ತುಂಡು ತೆಗೆಯಿರಿ. 8ಸಿಆರ್, ಇನಾಕ್ಸ್, ಸ್ವಿಸ್ ಚಾಕುಗಳಿಗೆ 17ರಿಂದ 20. ಡಿ2ಗೆ 20ಕ್ಕಿಂತ ಇಳಿಸಬೇಡಿ.

ಬಾಯಿಯ ಇಳಿಜಾರಿಗೆ ಮಾರ್ಕರ್ ಪೆನ್ ಬಳಿದು ಎರಡು ಸಲ ಎಳೆಯಿರಿ. ತುದಿಯ ಶಾಯಿ ಉಳಿದು ಮೇಲಿನದು ಹೋಗಿದ್ದರೆ ಬೆನ್ನು ತುಸು ಎತ್ತಿ. ತುದಿಯದು ಮಾತ್ರ ಹೋಗಿದ್ದರೆ ಇಳಿಸಿ. ಒಂದೇ ಬದಿ ಉಜ್ಜುತ್ತ ಹೋಗಿ, ಎದುರು ಬದಿಯಲ್ಲಿ ಬುಡದಿಂದ ಮೊನೆಯವರೆಗೆ ಬರ್, ಅಂದರೆ ಉಜ್ಜಿದಾಗ ತುದಿಯಲ್ಲಿ ಮಡಚಿಕೊಂಡು ಏಳುವ ಉಕ್ಕಿನ ಸಣ್ಣ ಎಳೆ, ಬೆರಳಿಗೆ ಸಿಗುವವರೆಗೆ. ಹೊಸಬರು ತಪ್ಪುವುದು ಇಲ್ಲೇ. ಬರ್ ಎದ್ದಿಲ್ಲ ಅಂದರೆ ಬಾಯಿಯ ತುದಿ ಇನ್ನೂ ಮುಟ್ಟಿಲ್ಲ. ಆಮೇಲೆ ಇನ್ನೊಂದು ಬದಿ ಹಾಗೆಯೇ. ನಯದ ಬದಿಗೆ ತಿರುಗಿಸಿ ಒತ್ತಡ ಕಡಿಮೆ ಮಾಡುತ್ತ, ಕೊನೆಯ ಹತ್ತು ಎಳೆತ ಚಾಕುವಿನ ಭಾರದಲ್ಲೇ, ಬದಿ ಬದಲಿಸುತ್ತ. ಹಳೇ ಚರ್ಮದ ಬೆಲ್ಟಿಗೆ ಹಸಿರು ಪಾಲಿಶ್ ಸೋಪು, ಅಂದರೆ ಕ್ರೋಮಿಯಂ ಆಕ್ಸೈಡ್, ಹಚ್ಚಿ ಬೆನ್ನು ಮುಂದಾಗಿ ಹತ್ತತ್ತು ಸಲ ಎಳೆದರೆ ಉಳಿದ ಬರ್ ಹೋಗುತ್ತದೆ. ದಿನಪತ್ರಿಕೆ ಸದ್ದಿಲ್ಲದೆ ಕೊಯ್ಯಬೇಕು.

ಕೀಲುತಿರುಪು
ಸಣ್ಣ ತಿದ್ದುಪಡಿ. 7.5 ಅನ್ನುವುದು ಬೆನ್ನಿನ ದಪ್ಪದ ನಡುಮಧ್ಯಕ್ಕೆ. ಮರದ ತುಂಡು ಮುಟ್ಟುವುದು ಬೆನ್ನಿನ ಕೆಳಗಿನ ಅಂಚನ್ನು. ಬೆನ್ನು 2.5 ಮಿ.ಮೀ. ದಪ್ಪ ಇದ್ದರೆ ಅರ್ಧದಷ್ಟು ಕಳೆಯಬೇಕು, ತುಂಡು 6.3 ಇದ್ದರೆ ಸರಿ. 7.5ರ ತುಂಡು ಇಟ್ಟರೆ ಕೋನ 23-24ಕ್ಕೆ ಹೋಗುತ್ತದೆ.

ಸಾಣೆಕಲ್ಲು
ಹೌದು, ಅದು ಬಿಟ್ಟುಹೋಯಿತು. ಧನ್ಯವಾದ.

ಕುಲುಮೆಬೆಳಕು
ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೆ ಮಾತ್ರ ಮಡಚು ಚಾಕು ಕೊಡಬೇಡಿ. ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಇಂಗಾಲದ ಉಕ್ಕಿನಲ್ಲಿ ಬಣ್ಣವೇ ಹೇಳುತ್ತದೆ. ಹುಲ್ಲಿನ ಹಳದಿ ಅಂದರೆ 220 ಡಿಗ್ರಿ ಸೆಲ್ಸಿಯಸ್ ಸುತ್ತ, ಕಂದು 260, ನೀಲಿ ಬಂದರೆ 300 ಆಯಿತು. ನೀಲಿಯಾದ ಜಾಗದಲ್ಲಿ ಹದ ಹೋಯಿತು. ಅಷ್ಟನ್ನೂ ಸವೆಸಿ ತೆಗೆಯುವವರೆಗೆ ಆ ಜಾಗ ಹರಿತ ಹಿಡಿಯುವುದಿಲ್ಲ. ಸ್ಟೇನ್‌ಲೆಸ್‌ನಲ್ಲಿ ಬಣ್ಣ ತಡವಾಗಿ ಬರುತ್ತದೆ, ಅದಕ್ಕೇ ಇನ್ನೂ ಅಪಾಯ.

ಕರಾವಳಿಗಾಳಿ
ಹಲಸಿನ ಹಣ್ಣು ಕೊಯ್ಯುವ ಮೊದಲು ಅಲಗಿಗೆ ತೆಂಗಿನೆಣ್ಣೆ ಹಚ್ಚಿ, ಮೇಣ ಅಂಟುವುದಿಲ್ಲ. ಆದ್ರೆ ಕೀಲಿಗೆ ತೆಂಗಿನೆಣ್ಣೆ ಬಿಡಬೇಡಿ. ಚಳಿಗೆ ಹೆಪ್ಪುಗಟ್ತದೆ, ದಿನ ಹೋದ ಹಾಗೆ ಅಂಟಂಟಾಗಿ ಧೂಳು ಹಿಡಿತದೆ. ಕೀಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು.

ತೋಟದದಾರಿ
ಸರಿ, ತೀರ್ಮಾನಕ್ಕೆ ಬಂದೆ. ಡ್ರಿಪ್ ಪೈಪಿಗೆ ಚುಚ್ಚುವುದು ಇರುವುದರಿಂದ ಲಾಕ್ ಬೇಕು, ಮಳೆಗೆ ಸ್ಟೇನ್‌ಲೆಸ್ ಬೇಕು. ಒಪಿನೆಲ್ 8 ಇನಾಕ್ಸ್ ನೋಡುತ್ತೇನೆ. ಸಿಗದಿದ್ದರೆ 8ಸಿಆರ್13ರ ಲೈನರ್ ಲಾಕ್, ಕಂಚಿನ ವಾಷರ್ ಇರುವುದು. ಡಿ2 ಬೇಡ.

ಹರಿತವೇಮುಖ್ಯ
ಒಣ ಪ್ರದೇಶದವರಿಗೆ ಈಗಲೂ ಡಿ2ನೇ ಹೇಳುತ್ತೇನೆ. ಸಾಗರಕ್ಕೆ ನಿಮ್ಮ ಆಯ್ಕೆ ಸರಿ, ಒಪ್ಪಿದೆ. ಒಂದೇ ಪ್ರಶ್ನೆ ಲೋಹದಮಾತು ಅವರಿಗೆ. ಹೊಸ ಚಾಕುಗಳು ಮೊದಲ ವಾರ ಬೇಗ ಮೊಂಡಾಗಿ ಆಮೇಲೆ ಚೆನ್ನಾಗುತ್ತವಲ್ಲ, ಯಾಕೆ?

ಲೋಹದಮಾತು
ಕಾರ್ಖಾನೆಯಲ್ಲಿ ಬಾಯಿ ಹೊಡೆಯುವುದು ವೇಗದ ಬೆಲ್ಟಿನಲ್ಲಿ, ಬಹಳ ಸಲ ನೀರಿಲ್ಲದೆ. ತುದಿಯ ಕೂದಲೆಳೆಯಷ್ಟು ಭಾಗ ಅತಿಯಾಗಿ ಕಾದು ಹದ ಕಳೆದುಕೊಂಡಿರುತ್ತದೆ, ಕೆಲವೊಮ್ಮೆ ಬರ್ ಕೂಡ ಹಾಗೇ ಉಳಿದಿರುತ್ತದೆ. ಕೈಯಲ್ಲಿ ಎರಡು ಮೂರು ಸಲ ಸಾಣೆ ಹಿಡಿದಾಗ ಆ ಭಾಗ ಹೋಗಿ ಒಳಗಿನ ಸರಿಯಾದ ಉಕ್ಕು ಹೊರಬರುತ್ತದೆ. ತೋಟದದಾರಿ ಅವರೇ, ನೀವೂ ಚಾಕು ಬಂದ ಮೇಲೆ ಲಾಕ್, ಅಲುಗಾಟ ಮೊದಲ ದಿನವೇ ನೋಡಿ, ಮರಳಿಸುವ ಅವಧಿ ಮುಗಿಯುವ ಮುಂಚೆ. ಆದರೆ ಉಕ್ಕು ಹೇಗಿದೆ ಎನ್ನುವುದನ್ನು ಮೂರನೇ ಸಾಣೆಯ ನಂತರ ಬರೆದು ಹೇಳಿ.

ತೋಟದದಾರಿ
ಆಗಲಿ. ವರ್ನಿಯರ್‌ನಲ್ಲಿ ಬಾಯಿಯ ಹಿಂದಿನ ದಪ್ಪ ಅಳೆದು ಅದನ್ನೂ ಇಲ್ಲೇ ಹಾಕುತ್ತೇನೆ.